ಊರು ತಿಳಿಯದ ಫೆನಿಗ್

ಮ್ಯಾಂಚೆಸ್ಟರ್‌ನ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಹೋಗಬೇಕು ಎಂಬುದನ್ನು ಅದಿತಿ ಕಾಫಿ ಕುಡಿಯುವಾಗ ಹೇಗೋ ಹೇಳಿಬಿಟ್ಟಳು.

ದೊಡ್ಡಪ್ಪ ಗುರುಸಿದ್ದಪ್ಪನವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರಾಗಿದ್ದು, ರಿಟೈರಾಗಿ ಅಲ್ಲೇ ನೆಲೆಸಿದವರು. ಹಳೇ ಜರ್ಮನ್ ಸಂಸ್ಥಾನಗಳ ನಾಣ್ಯ ಕೂಡಿಸುವ ಹುಚ್ಚು. ಈಗ ನೋಟದ ನಡುಭಾಗ ಮಂಜಾಗಿ ನಾಣ್ಯದ ಅಕ್ಷರ ಕಾಣುವುದಿಲ್ಲ. ಎಂ.ಎ. ಮುಗಿಸಿ ಒಂದೆರಡು ವಾರ ಇರಲು ಬಂದ ಅದಿತಿಯೇ ಅವರ ಕಣ್ಣಾಗಿ, ಬೇಸಿಗೆ ಹೋಗಿ ಚಳಿ ಬಂದಿತ್ತು. ಯಾರೂ ಒಂದು ಮಾತು ಬೈದಿರಲಿಲ್ಲ. ಬೈದಿದ್ದರೆ ಬ್ಯಾಗು ಕಟ್ಟುವುದು ಸುಲಭವಿತ್ತು.

"ಹೋಗು ಪುಟ್ಟಿ, ಯಾರು ಬೇಡ ಅಂದ್ರು? ಆದ್ರೆ ಈ ಪೆಟ್ಟಿಗೆ ಏನ್ ಮಾಡ್ಲಿ?" ಅಂದರು ದೊಡ್ಡಪ್ಪ.

ಲೆಸ್ಟರ್‌ನ ವ್ಯಾಪಾರಿ ನೋಡಲಿಕ್ಕೆಂದು ಕಳಿಸಿದ ನಾಣ್ಯಗಳ ಪೆಟ್ಟಿಗೆ. ಹಿಡಿಸಿದರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಹಿಂತಿರುಗಿಸಬೇಕು.

"ಇದೊಂದು ನಾಣ್ಯ ನೋಡು. ಯಾವ ಊರದು ಅಂತ ಗೊತ್ತಾದ್ರೆ ಪೆಟ್ಟಿಗೆ ಇಟ್ಕೊಳ್ಳೋಣ, ಎಲ್ಲಾ ಗುರುತಿಸಿ ಮುಗಿಯೋವರೆಗೂ ನೀನಿರು. ಗೊತ್ತಾಗ್ಲಿಲ್ವಾ, ವಾಪಸ್ ಕಳ್ಸೋಣ. ನೀನೂ ಹೊರಡು."

"ಅಷ್ಟು ದೊಡ್ಡ ಪೆಟ್ಟಿಗೆ! ಅವಳ ಮೊಮ್ಮಕ್ಕಳು ಬಂದು ಮುಗಿಸ್ಬೇಕು," ಎಂದು ದೊಡ್ಡಮ್ಮ ಶಾರದಮ್ಮ ಅಡುಗೆಮನೆಯಿಂದಲೇ ಚುಚ್ಚಿದರು.

ಸವೆದು ನುಣುಪಾದ ತಾಮ್ರದ ಫೆನಿಗ್, ಜರ್ಮನ್ನರ ಹಳೇ ಚಿಲ್ಲರೆ ಕಾಸು. ಅಡ್ಡಪಟ್ಟೆಗಳ ಗುರಾಣಿ, ಅದರ ಮೇಲೆ ಓರೆಯಾಗಿ ಎಲೆಯ ಮಾಲೆ. ಸ್ಯಾಕ್ಸನಿಯ ರಾಜಮನೆತನ ಒಡೆದು ಹುಟ್ಟಿದ ಪುಟ್ಟ ಸಂಸ್ಥಾನಗಳೆಲ್ಲ ಇದೇ ಗುರಾಣಿಯನ್ನು ಅಚ್ಚೊತ್ತುತ್ತಿದ್ದವು. ಬೇರೆ ಮಾಡಿ ಹೇಳಲು ಅಕ್ಷರಗಳೇ ಗತಿ. ಅದಿತಿ ಟೇಬಲ್ ಲೈಟನ್ನು ಓರೆಮಾಡಿದಳು. ಗುರಾಣಿಯ ಮೇಲೆ ನೆರಳಿನಂತೆ ಅಕ್ಷರಗಳು ಎದ್ದವು.

"ಗೊತ್ತಾಗ್ತಿಲ್ಲ ದೊಡ್ಡಪ್ಪ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಮ್ಯಾಂಚೆಸ್ಟರ್‌ನ ಫಾಲೋಫೀಲ್ಡ್‌ನಲ್ಲಿ ನೋಡಿಟ್ಟ ರೂಮು, ತನ್ನದೇ ಬೀಗದಕೈ, ತಾನು ಒಳಗಿಂದ ಹಾಕಿಕೊಳ್ಳಬಹುದಾದ ಬಾಗಿಲು ಕಣ್ಣ ಮುಂದೆ ಬಂದವು.

"ಹೋಗ್ಲಿ ಬಿಡು. ಶಾರದಾ, ಇವಳಿಗೆ ಚಟ್ನಿಪುಡಿ ಕಟ್ಟು," ಎಂದು ದೊಡ್ಡಪ್ಪ ನಾಣ್ಯವನ್ನು ಕಾಗದದ ಲಕೋಟೆಗೆ ಹಾಕಿ, ದಪ್ಪ ಪೆನ್ನಿನಿಂದ ತಡವರಿಸುತ್ತ ಬರೆಯತೊಡಗಿದರು. "ಮೈನಿಂಗನ್ ಸಂಸ್ಥಾನದ್ದೇ ಇರ್ಬೇಕು. ಅಂಗಡಿಯವನಿಗೆ ಇಷ್ಟಾದ್ರೂ ಸಹಾಯ ಆಗ್ಲಿ."

ಸುಮ್ಮನಿರು, ಎಂದು ತನಗೇ ಹೇಳಿಕೊಂಡಳು ಅದಿತಿ. ಇನ್ನು ಅದನ್ನು ಯಾರೋ ಮೈನಿಂಗನ್ ಎಂದೇ ಕೊಳ್ಳುತ್ತಾರೆ. ಬೇರೆಯವರ ಹೆಸರು ಹೊತ್ತು ಅದು ಯಾವುದೋ ಡ್ರಾಯರಿನಲ್ಲಿ ಬಿದ್ದಿರುತ್ತದೆ, ಲೈಟು ಓರೆಮಾಡಿ ನೋಡುವವರೇ ಇಲ್ಲದೆ.

"ಮೈನಿಂಗನ್ ಅಲ್ಲ," ಅಂದಳು. ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದೇ ಇಲ್ಲ. "ವೈಮಾರ್. ಡಬ್ಲ್ಯೂ ಇದೆ ದೊಡ್ಡಪ್ಪ, ಆಮೇಲೆ ಇ. ಸ್ಯಾಕ್ಸ್-ವೈಮಾರ್-ಐಸೆನಾಖ್."

ಒಳಗೆ ಡಬ್ಬಿಯ ಸದ್ದು ನಿಂತಿತು.

"ಅಯ್ಯೋ ಹುಡುಗಿ, ಇನ್ನೊಂದು ನಿಮಿಷ ತಡ್ಕೊಳ್ಳೋಕೆ ಆಗ್ಲಿಲ್ವೇನೇ?" ಅಂದರು ದೊಡ್ಡಮ್ಮ.

ದೊಡ್ಡಪ್ಪನ ಮುಖ ಊರಗಲವಾಯಿತು. ಮೊದಲು ಯಾಕೆ ಹೇಳಲಿಲ್ಲ ಎಂದು ಕೇಳಲೂ ಇಲ್ಲ. ಸೋಮವಾರದ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಅವಳಿಗೂ ಎತ್ತಲಾಗಲಿಲ್ಲ. ಪೆಟ್ಟಿಗೆಯನ್ನು ಹತ್ತಿರ ಎಳೆದು, ಕೈಯಾಡಿಸಿ, ಇನ್ನೊಂದು ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟರು.

"ಇದು?"

ನೋಡುತ್ತಲೇ ಅವಳಿಗೆ ಅದರ ಊರು ತಿಳಿದುಹೋಯಿತು. ತುಟಿ ಕಚ್ಚಿಕೊಂಡಳು. ದೊಡ್ಡಪ್ಪ ಅವಸರವಿಲ್ಲದೆ ಕಾಯುತ್ತ ಕೂತರು.