ಸೊಟ್ಟ ಹಲ್ಲಿನಾಂವ

ದೀಪದ ಕೆಳಗೆ ಆ ಹಲ್ಲು, ಪಕ್ಕದ ಹಲ್ಲಿನ ಹೆಗಲಿಗೆ ಒರಗಿದ ಕುಡುಕನ ಹಾಗೆ, ಬೇರು ಕೊಳೆತಿದೆ, ಇವತ್ತು ಕೀಳಲೇಬೇಕು, ಆದರೆ ಮಧುಮತಿಯ ಕೈ ಇಕ್ಕಳ ಹಿಡಿದು ನಿಂತುಬಿಟ್ಟಿದೆ — ದುಬೈಯ ಸಿಲಿಕಾನ್ ಓಯಸಿಸ್ ಬಡಾವಣೆಯ ಈ ಕ್ಲಿನಿಕ್ಕಿಗೆ ದಿನಾ ಎಷ್ಟೋ ಬಾಯಿ ಬರುತ್ತವೆ, ಈ ಬಾಯಿ ಮಾತ್ರ ಅವಳ ಬಾಲ್ಯದ ಧಾರವಾಡದ ಪಡಸಾಲೆಯಿಂದ ಬಂದದ್ದು, ಟೀವಿಯಲ್ಲಿ ಇಂಗ್ಲಿಷ್ ಸಿನಿಮಾ, ಶೇಂಗಾ ಸುಲಿಯುತ್ತ ಕೂತ ಅವ್ವ ತಾರಾಬಾಯಿ, ಇಂಗ್ಲಿಷು ಒಂದಕ್ಷರ ಬಾರದು, ಏ ಮಧೂ, ಬಾ ಇಲ್ಲೆ, ಸೊಟ್ಟ ಹಲ್ಲಿನಾಂವ ಮತ್ತ ಬಂದಾನ ನೋಡ, ಒಂದರಲ್ಲಿ ಜೈಲಿನ ಕಾವಲುಗಾರ, ಇನ್ನೊಂದರಲ್ಲಿ ಬಟ್ಲರ್, ಮತ್ತೊಂದರಲ್ಲಿ ಬಾಗಿಲು ತೆರೆದ ಕೂಡಲೇ ಗುಂಡು ತಿಂದು ಬೀಳುವವ, ಹೀರೋಗಳ ಮುಖ ಅವ್ವನಿಗೆ ಒಂದೂ ನೆನಪಿರಲಿಲ್ಲ, ಅವರೆಲ್ಲಾ ಒಂದ ನಮೂನಿ ಕಾಣತಾರ ಬಿಡವಾ, ಇಂವಾ ನಮ್ಮಾಂವ. ಆ ನಮ್ಮಾಂವ ಈಗ ಲಿಯೊನಾರ್ಡ್ ಪಿಮ್, ಎಂಬತ್ತು ದಾಟಿ, ದುಬೈಯಲ್ಲಿ ಮಗಳ ಮನೆ ಸೇರಿ, ಬಾಯಿ ತೆರೆದು ಮಲಗಿದ್ದಾರೆ, ನಾಳೆ ಅಬುಧಾಬಿಯಲ್ಲಿ ಶೂಟಿಂಗ್, ಅಜ್ಜನ ಪಾತ್ರ, ಒಂದೇ ಮಾತು, ಬಹುಶಃ ಕೊನೆಯದು. ಸೂಜಿ ಚುಚ್ಚುವ ಮೊದಲು ಹೇಳಿದ್ದರು, ಲಂಡನ್ನಿನ ರಂಗದ ಮೇಲೆ ಮೊದಲ ದಿನ ಈಟಿ ಹಿಡಿದು ನಿಂತಿದ್ದೆ ಡಾಕ್ಟರ್, ಮಾತೇ ಇರಲಿಲ್ಲ, ಸುಮ್ಮನೆ ನಕ್ಕೆ, ಮುಂದಿನ ಸಾಲಿನ ಹೆಂಗಸು ಕಿರುಚಿದಳು, ಅಂದಿನಿಂದ ಈ ಹಲ್ಲು ದುಡಿಯಿತು, ನಾನು ಅದರ ಹಿಂದೆ ಹಿಂದೆ ಹೋದೆ. ಮೇಡಂ, ವಸಡು ಮರಗಟ್ಟಿ ಆಯ್ತು, ಇನ್ನೂ ಎಂತ ಕಾಯುವುದು, ನರ್ಸ್ ಮಿನ್ಹಾಳ ಮಂಗಳೂರು ಮಾತು ಬೆನ್ನ ಹಿಂದೆ, ಮಧುಮತಿ ಎಳೆದಳು, ಬಂತು, ಹತ್ತಿಯ ಮೇಲೆ ಎಷ್ಟು ಚಿಕ್ಕದು.

ಬದಲಿ ಹಲ್ಲನ್ನು ಅಷ್ಟೇ ಸೊಟ್ಟಗೆ ಮಾಡಿಸಿಟ್ಟಿದ್ದಳು, ಅವರನ್ನು ಕೇಳದೆ, ಅವ್ವನಿಗಾಗಿ — ಪಿಮ್ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದರು, ಬೇಡ ಡಾಕ್ಟರ್, ನೇರ ಕೂರಿಸಿ, ಜೀವಮಾನವಿಡೀ ಈ ಸೊಟ್ಟ ಹಲ್ಲಿನವನ ಪಾತ್ರವನ್ನೇ ಮಾಡಿದೆ, ಒಂದು ಸಲ ಬೇರೆಯವನಾಗಿ ನೋಡುತ್ತೇನೆ, ಅವಳಿಗೆ ಸಿಟ್ಟೇ ಬಂತು, ಅವರ ಬಾಯಿ, ಅವರ ಇಷ್ಟ, ಆದರೂ — ತಿದ್ದಿದಳು, ಕೂರಿಸಿದಳು, ಕನ್ನಡಿ ಕೊಟ್ಟಳು, ನಕ್ಕರು, ಯಾರೋ ನಿವೃತ್ತ ಬ್ಯಾಂಕ್ ಮ್ಯಾನೇಜರ್ ನಕ್ಕ ಹಾಗೆ. ಆಗ ತಡೆಯಲಾರದೆ ಹೇಳಿಬಿಟ್ಟಳು, ನೀವು ಯಾವ ವೇಷದಲ್ಲಿದ್ದರೂ ನಮ್ಮಮ್ಮ ಗುರುತು ಹಿಡಿಯುತ್ತಿದ್ದಳು, ಪಿಮ್ ಕನ್ನಡಿ ಇಳಿಸಿದರು, ಕಣ್ಣು ತುಂಬಿತ್ತು, ಈಗ ಕಂಡರೂ ಹಿಡಿಯುತ್ತಾರಾ? ಹೂಂ ಎನ್ನಬೇಕು, ಹೂಂ ಎಂದರೆ ಸಾಕು — ಹೋದ ವರ್ಷ, ಸಾಯುವ ಮುಂಚೆ ಕೊನೆಕೊನೆಗೆ, ಎಲ್ಲವೂ ಮರೆತುಹೋಗಿದ್ದ ಅವ್ವ, ವಿಡಿಯೊ ಕಾಲ್, ಅಣ್ಣ ಅಭಿಜೀತ ಫೋನನ್ನು ಹತ್ತಿರ ಹಿಡಿದು, ಅವ್ವಾ, ಮಧು ಅದಾಳ ನೋಡ, ದುಬೈಯಿಂದ, ತಾನು ನಗುತ್ತ, ಇನ್ನೂ ನಗುತ್ತ, ಅವ್ವ ಪರದೆಗೆ ಮುಖ ತಂದು, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ನೋಡಿ, ಯಾರವಾ ನೀ, ಮತ್ತೆ ಆ ಹುಬ್ಬು, ಆ ನೋಟ, ಯಾರವಾ ನೀ —