ನಾಲ್ಕನೆಯ ಅರ್ಥ

ಕನ್ನಡ ನುಡಿಯ ಏಳಿಗೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ೧೯೪೩ನೆಯ ಇಸವಿ ಫೆಬ್ರವರಿಯಲ್ಲಿ ಹುತ್ತೂರಿಗೆ ಎರಡು ಮೈಲಿ ದೂರದ ಒಂದು ಹಳ್ಳಿಗೆ ಅಂಚೆಯಲ್ಲಿ ಬಂದ ಇಪ್ಪತ್ತನಾಲ್ಕು ಪುಟದ ಪುಸ್ತಿಕೆಯನ್ನು ಅವರು ಬಿಡುವಂತಿಲ್ಲ. ಅದರ ಹದಿನೇಳನೆಯ ಪುಟದಲ್ಲಿ ಆ ಹಳ್ಳಿಯ ಹೆಸರು ಅಚ್ಚಾಗಿತ್ತು. ಇಲ್ಲಿ ಆ ಹೆಸರು ಬೇಡ. ಹೆಸರು ಅಚ್ಚಾದದ್ದರಿಂದ ಆಗಿರುವುದೇ ಸಾಕು.

ಶಾಲೆಯ ಜಗಲಿಯ ಮೇಲೆ ಕೂತು ನರಸಿಂಹಪ್ಪ ಮೇಷ್ಟ್ರು ಪೆನ್ಸಿಲ್ ಕೆತ್ತುವ ಚಾಕುವಿನಿಂದ ಪುಸ್ತಿಕೆಯ ಅಂಟಿದ ಹಾಳೆಗಳನ್ನು ಬಿಡಿಸುತ್ತಿದ್ದರು. ಸುತ್ತ ಏಳೆಂಟು ಜನ ಸೇರಿದ್ದರು. ಬೆಂಗಳೂರಿನ ಕೆಲವು ಪಂಡಿತರು ಸೇರಿ ಆಡುಮಾತಿನ ನಿಘಂಟೊಂದನ್ನು ತಯಾರಿಸುತ್ತಿದ್ದರು. ಹಳ್ಳಿಯ ಉಪಾಧ್ಯಾಯರಿಗೆ ಒಂದೊಂದು ಪದ ಹಂಚಿ, ಅದರ ಅರ್ಥಗಳನ್ನೂ ಪ್ರತಿ ಅರ್ಥಕ್ಕೂ ಒಂದು ವಾಕ್ಯವನ್ನೂ ಚೀಟಿಗಳಲ್ಲಿ ಬರೆದು ಕಳಿಸುವಂತೆ ಕೇಳಿದ್ದರು. ವಾಕ್ಯ ಜನರ ಬಾಯಲ್ಲಿ ಕೇಳಿದ್ದಾಗಿರಬೇಕು, ಸ್ವಂತ ಕಟ್ಟಿದ್ದಾಗಿರಕೂಡದು ಎಂಬುದು ನಿಯಮ. ಮೇಷ್ಟ್ರ ಪಾಲಿಗೆ ಬಂದ ಪದ 'ಕೆಡು'. ಈಗ ನಿಘಂಟಿನ ಮಾದರಿ ಪುಟಗಳು ಬಂದಿದ್ದವು.

"ನೀವೇ ಓದಿ ಸುಬ್ಬರಾಯಪ್ಪನೋರೆ. ನಾನೇ ಓದಿದ್ರೆ ಜಂಬ ಅಂತೀರಿ" ಎಂದರು ಮೇಷ್ಟ್ರು.

ಅಂಗಡಿ ಸುಬ್ಬರಾಯಪ್ಪ ಕನ್ನಡಕ ಏರಿಸಿ, ಪಂಚಾಂಗ ಓದುವ ದನಿಯಲ್ಲಿ ಶುರುಮಾಡಿದ. "ಒಂದನೇ ಅರ್ಥ, ಹಳಸು. 'ಮಜ್ಜಿಗೆ ಕೆಟ್ಟೈತೆ, ಚೆಲ್ಲು.' ಎರಡನೇದು, ಮೋಡ ಕಟ್ಟು. 'ಬಾನ ಕೆಟ್ಟೈತೆ, ರಾಗಿ ಒಳಕ್ಕೆ ಹಾಕ್ರಿ.' ಮೂರನೇದು, ಆಸ್ತಿ ಕಳೆದುಕೊ. 'ಚನ್ನರಾಯಪ್ಪ ಜಮೀನು ಮಾರಿ ಕೆಟ್ಟ.'"

"ಇದು ನಾನೇ ಅಂದಿದ್ದು" ಎಂದು ಚನ್ನರಾಯಪ್ಪನೇ ನಕ್ಕ. "ನನ್ ಬಗ್ಗೆ ನಾನೇ ಅಂದಿದ್ದು ಮೇಷ್ಟ್ರು ಬರ್ಕೊಂಡವ್ರೆ. ಕೆಟ್ರೂ ಪುಸ್ತಕದಾಗೆ ಬೆಂಗಳೂರು ಸೇರ್ದೆ ನೋಡ್ರಲಾ."

"ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿ ಸುಬ್ಬರಾಯಪ್ಪ ಮುಂದೆ ಓದಿದ. "ನಾಲ್ಕನೇದು, ನಡತೆ ತಪ್ಪು. ಹೆಂಗಸರ ವಿಷಯದಲ್ಲಿ ವಿಶೇಷವಾಗಿ. 'ಮುನಿಗಂಗಮ್ಮ ಕೆಟ್ಟೋದ್ಲು ಕಣೇ, ಅವಳ ಸಾವಾಸ ಬೇಡ.'" ಓದುವ ಭರದಲ್ಲಿ ಅವನು ವಾಕ್ಯದ ಕೆಳಗೆ ಕಂಸದಲ್ಲಿದ್ದ ಊರಿನ ಹೆಸರನ್ನೂ ಓದಿಯೇ ನಿಲ್ಲಿಸಿದ.

ಯಾರೂ ನಗಲಿಲ್ಲ. ಆ ಊರಿನಲ್ಲಿ ಮುನಿಗಂಗಮ್ಮ ಎಂದರೆ ಒಬ್ಬಳೇ. ಗಂಡ ಸತ್ತು ಆರು ವರ್ಷ, ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ಕೂಲಿ.

"ಯಾರು ಮೇಷ್ಟ್ರೆ ಹಿಂಗಂದಿದ್ದು?" ಎಂದ ಚನ್ನರಾಯಪ್ಪ.

"ಯಾರೋ... ಹೆಂಗಸ್ರು. ಬಾವಿ ಹತ್ರ. ಕಿವಿಗೆ ಬಿತ್ತು" ಎಂದರು ನರಸಿಂಹಪ್ಪ ಮೇಷ್ಟ್ರು.

ಯಾರೂ ಅಂದಿರಲಿಲ್ಲ. ಮೊದಲ ಮೂರು ಅರ್ಥಕ್ಕೆ ವಾಕ್ಯಗಳು ಒಂದು ವಾರದಲ್ಲಿ ಸಿಕ್ಕಿದ್ದವು. ನಾಲ್ಕನೆಯದಕ್ಕೆ ತಿಂಗಳಾದರೂ ಸಿಕ್ಕಿರಲಿಲ್ಲ. ಊರಿನಲ್ಲಿ ಅಂಥ ಮಾತು ನಡೆಯುತ್ತಿರಲಿಲ್ಲ ಎಂದಲ್ಲ. ಮೇಷ್ಟ್ರು ಬಂದರೆ ಹೆಂಗಸರು ಸೆರಗು ಸರಿಮಾಡಿಕೊಂಡು ರಾಗಿಯ ವಿಷಯ ಎತ್ತುತ್ತಿದ್ದರು. ಹೆಂಡತಿ ಆದಿಲಕ್ಷ್ಮಮ್ಮನನ್ನು ಕೇಳಿದ್ದಕ್ಕೆ, "ಅಂಥ ಮಾತು ನನ್ ಬಾಯಲ್ಲಿ ಯಾಕ್ರೀ ಆಡಿಸ್ತೀರಾ? ಬೇರೆ ಕೆಲ್ಸ ಇಲ್ವಾ ನಿಮ್ಗೆ?" ಎಂದಿದ್ದಳು. ಚೀಟಿ ಕಳಿಸಲು ಕಡೆಯ ದಿನ ಬಂತು. ಇದೇ ಜಗಲಿಯ ಮೇಲೆ ಮೇಷ್ಟ್ರು ಲೇಖನಿ ಹಿಡಿದು ಕೂತಿದ್ದಾಗ, ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ತಲೆಯ ಮೇಲಿಟ್ಟುಕೊಂಡು ಮುನಿಗಂಗಮ್ಮ ಮುಂದೆ ಹಾದುಹೋದಳು. ವಾಕ್ಯಕ್ಕೆ ಒಂದು ಹೆಸರು ಬೇಕಿತ್ತು. ಹೆಸರಿದ್ದರೆ ಮಾತು ನಿಜವಾಗಿ ಆಡಿದಂತೆ ಕೇಳುತ್ತದೆ. ಬರೆದು, 'ಕೇಳಿದ್ದು' ಎಂದು ರುಜು ಹಾಕಿ, ಸಂಜೆಯ ಟಪಾಲಿಗೆ ಕೊಟ್ಟರು. ವಾಕ್ಯ ಸಹಜವಾಗಿ ಬಂದಿದೆ ಎಂದು ಆವತ್ತು ಅವರಿಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಪುಸ್ತಿಕೆ ಓದಿದ ಮೂರನೆಯ ದಿನ ಬೆಳಿಗ್ಗೆ ಮುನಿಗಂಗಮ್ಮ ಶಾಲೆಯ ಬಾಗಿಲಿಗೆ ಬಂದಳು. ಒಳಗೆ ಹುಡುಗರು ಮಗ್ಗಿ ಒಪ್ಪಿಸುತ್ತಿದ್ದರು. ಮೇಷ್ಟ್ರು ಹೊರಗೆ ಬಂದರು.

"ವೆಂಕಟರತ್ನಮ್ಮೋರು ತಮ್ ಹುಳದ ಮನೆ ಒಳೀಕೆ ಬರ್ಬೇಡ ಅಂದ್ರು ಸಾಮಿ. ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ. ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ತವೆ. ಹಣ್ಣು ಹುಳ ಆಯ್ದು ಚಂದ್ರಿಕೆ ತಟ್ಟೆಗೆ ಬಿಡೋಳು ನಾನು, ಆರು ವರ್ಷದಿಂದ."

ಹುಳದ ಮನೆಗೆ ಮೈಲಿಗೆಯವರು ಹೋಗಬಾರದು, ಹೆಸರು ಕೆಟ್ಟವರ ನೆರಳು ಬಿದ್ದರೆ ಹುಳ ಗೂಡು ಕಟ್ಟದೆ ಕರಗಿಹೋಗುತ್ತದೆ ಎಂಬುದು ಆ ಸೀಮೆಯ ನಡವಳಿಕೆ. ಯುದ್ಧದ ಕಾಲ, ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ. ನಡವಳಿಕೆಯನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ಮನೆ ಬೇಡವೆಂದರೆ ಉಳಿದ ಮನೆಗಳೂ ಬೇಡವೆನ್ನುತ್ತಿದ್ದವು.

"ಬಾವಿ ಹತ್ರ ಆ ಮಾತು ಯಾರು ಅಂದ್ರು ಅಂತ ಹೇಳಿ ಸಾಕು" ಎಂದಳು. "ಜಗಳ ಆಡಲ್ಲ. ಏನು ನೋಡಿದ್ಯವ್ವಾ ಅಂತ ಒಂದ್ಮಾತು ಕೇಳ್ತೀನಿ. ರಾತ್ರಿಯೆಲ್ಲ ಒಬ್ಬೊಬ್ಬರ ಮುಖ ನೆನಪು ಮಾಡ್ಕೊಂಡು ಕೂತಿದ್ದೆ. ಎಲ್ರ ಮೇಲೂ ಅನುಮಾನ ಬಂತು. ನನ್ ತಂಗಿ ಮೇಲೂ ಬಂತು."

ಮೇಷ್ಟ್ರು ಅವಳ ಕೈ ನೋಡುತ್ತಿದ್ದರು. ಸೊಪ್ಪಿನ ಹಾಲು ಹತ್ತಿ ಬೆರಳ ತುದಿಗಳು ಕಪ್ಪಾಗಿದ್ದವು. ಅವರ ಬೆರಳ ತುದಿಯಲ್ಲಿಯೂ ಕಪ್ಪಿತ್ತು, ಶಾಯಿಯದು. ಕೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡರು.

"ಯಾರೂ ಅನ್ಲಿಲ್ಲಮ್ಮ. ನಾನೇ ಬರೆದೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. "ನೀವು ಏನು ನೋಡಿದ್ರಿ?"

"ಏನೂ ನೋಡ್ಲಿಲ್ಲ. ಒಂದು ಹೆಸರು ಬೇಕಿತ್ತು."

ಒಳಗೆ ಮಗ್ಗಿ ಹದಿಮೂರಕ್ಕೆ ಬಂದು ತಪ್ಪಿತು, ಮತ್ತೆ ಮೊದಲಿನಿಂದ ಶುರುವಾಯಿತು.

"ನಿಮ್ಮನೇಲೂ ಒಂದು ಹೆಸರಿತ್ತಲ್ಲ ಸಾಮಿ" ಎಂದಳು ಅವಳು, ದನಿ ಏರಿಸದೆ. "ನಂಗೆ ಹೇಳಿದ್ರೆ ಏನ್ ಬಂತು? ವೆಂಕಟರತ್ನಮ್ಮೋರಿಗೆ ಹೇಳಿ."

ಅವತ್ತೇ ಮಧ್ಯಾಹ್ನ ಶಾಲೆ ಬಿಟ್ಟು ಮೇಷ್ಟ್ರು ವೆಂಕಟರತ್ನಮ್ಮನ ಮನೆಗೆ ಹೋದರು. ಕೋಟು ಹಾಕಿಕೊಂಡು ಹೋದರು. ಕೋಟಿದ್ದರೆ ಮಾತಿಗೆ ತೂಕ ಬರುತ್ತದೆಂದು ಅವರ ಎಣಿಕೆ. ಒಳಮನೆಯಿಂದ ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ವೆಂಕಟರತ್ನಮ್ಮ ಹೊಸ್ತಿಲಾಚೆಗೇ ಮಣೆ ಹಾಕಿದಳು. ಅವರು ಎಲ್ಲವನ್ನೂ ಹೇಳಿದರು: ಚೀಟಿ, ಕಡೆಯ ದಿನ, ಸೊಪ್ಪಿನ ಕುಕ್ಕೆ. ಬಾವಿಯ ಮಾತು ಸುಳ್ಳು ಎಂಬುದನ್ನು ಎರಡು ಸಲ ಹೇಳಿದರು.

ಅವಳು ಪೂರ್ತಿ ಕೇಳಿದಳು. ಆಮೇಲೆ ಅವರ ಕೋಟನ್ನು ನೋಡಿದಳು.

"ಬೆಂಗಳೂರಲ್ಲಿ ಅಚ್ಚು ಹಾಕೋರು ಸುಳ್ಳು ಅಚ್ಚು ಹಾಕ್ತಾರಾ ಮೇಷ್ಟ್ರೆ?"

"ಸುಳ್ಳು ನಂದು. ಅವ್ರದಲ್ಲ."

"ಹೋಗ್ಲಿ ಬಿಡಿ. ಒಬ್ಬ ಹೆಂಗಸಿನ ಮಾನಕ್ಕೋಸ್ಕರ ನಿಮ್ ತಲೆ ಮೇಲೆ ಹಾಕ್ಕೊಂತಾ ಇದೀರ. ದೊಡ್ಡ ಗುಣ." ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಮೊದಲಿಗೆ. ಸ್ವಲ್ಪ ಹೊತ್ತಿನ ಮೇಲೆ ಬಂತು. "ಕೋಟು ಹಾಕ್ಕೊಂಡು ಬಂದಿದೀರಾ. ಅವಳಿಗೋಸ್ಕರ. ಆದಿಲಕ್ಷ್ಮಮ್ಮೋರಿಗೆ ಗೊತ್ತಾ?"

ಮೇಷ್ಟ್ರು ಬಾಯಿ ತೆರೆದರು. ಇನ್ನು ಯಾವ ಮಾತು ಆಡಿದರೂ ಅದು ಮುನಿಗಂಗಮ್ಮನ ಮೇಲೆಯೇ ಹೋಗಿ ಬೀಳುತ್ತದೆ ಎಂಬುದು ಅವರಿಗೆ ಆಗ ಕಾಣಿಸಿತು. ಬಾಯಿ ಮುಚ್ಚಿ ಎದ್ದರು. ಅವರು ಸುಮ್ಮನೆ ಎದ್ದುಹೋದದ್ದನ್ನೂ ವೆಂಕಟರತ್ನಮ್ಮ ಸಂಜೆ ಬಾವಿಯ ಹತ್ತಿರ ಹೇಳಿದಳು. ಚೀಟಿಯಲ್ಲಿದ್ದ ವಾಕ್ಯವನ್ನು ಆವತ್ತು ಅಲ್ಲಿ ಮೊದಲ ಸಲ ಒಬ್ಬರು ನಿಜವಾಗಿ ಆಡಿದರು, ಅಕ್ಷರವೂ ವ್ಯತ್ಯಾಸವಿಲ್ಲದೆ.

ಆದಿಲಕ್ಷ್ಮಮ್ಮ ನಾಲ್ಕು ದಿನ ಗಂಡನಿಗೆ ಊಟ ಬಡಿಸಿದಳು, ಮಾತಾಡಲಿಲ್ಲ. ಮೇಷ್ಟ್ರು ಬೆಂಗಳೂರಿಗೆ ಕಾಗದ ಬರೆದರು. ವಾಕ್ಯ ತಾವೇ ಕಟ್ಟಿದ್ದು, ತೆಗೆದುಹಾಕಬೇಕು. ನಾಲ್ಕನೆಯ ಅರ್ಥಕ್ಕೆ ಉದಾಹರಣೆ ಬೇಕೇ ಬೇಕಿದ್ದರೆ ತಮ್ಮ ಹೆಸರನ್ನೇ ಹಾಕಬಹುದು, ಅರ್ಥಕ್ಕೆ ಅಡ್ಡಿಯಿಲ್ಲ. ಹದಿನೈದು ದಿನಕ್ಕೆ ಉತ್ತರ ಬಂತು. ಪದ ಈ ಅರ್ಥದಲ್ಲಿ ಗಂಡಸರಿಗೆ ಬಳಕೆಯಾಗುವುದು ವಿರಳ, ವಾಕ್ಯವಂತೂ ಮಾದರಿ ಪುಟಗಳಲ್ಲೆಲ್ಲ ಅತ್ಯಂತ ಜೀವಂತವಾಗಿದೆ ಎಂದು ಪಂಡಿತರು ಅಭಿಪ್ರಾಯಪಟ್ಟಿದ್ದಾರೆ, ಉಳಿಸಿಕೊಳ್ಳಲಾಗಿದೆ. ಮುಂದಿನ ಪದವೊಂದನ್ನೂ ಜೊತೆಗೆ ಕಳಿಸಿದ್ದರು. ಆ ಚೀಟಿಗಳನ್ನು ಮೇಷ್ಟ್ರು ಖಾಲಿಯಾಗಿಯೇ ಹಿಂದಿರುಗಿಸಿದರು.

ಅಷ್ಟರಲ್ಲಿ ಮುನಿಗಂಗಮ್ಮ ಮಾಲೂರಿನ ಕಡೆ, ಅಣ್ಣ ಹೆಂಚು ಸುಡುತ್ತಿದ್ದ ಜಾಗಕ್ಕೆ, ಹೋಗಿಬಿಟ್ಟಿದ್ದಳು. ಹೋಗುವಾಗ ಶಾಲೆಯ ಮುಂದೆಯೇ ಹೋದಳು. ಊರಿಗೆ ಇದ್ದದ್ದು ಅದೊಂದೇ ದಾರಿ. ತಲೆಯ ಮೇಲೆ ಅದೇ ಕುಕ್ಕೆ, ಒಳಗೆ ಸೀರೆ, ಪಾತ್ರೆ. ಮೇಷ್ಟ್ರು ಹಲಗೆಯ ಕಡೆ ತಿರುಗಿ, ಆಗಲೇ ಒರೆಸಿದ್ದನ್ನು ಮತ್ತೊಮ್ಮೆ ಒರೆಸುತ್ತ ನಿಂತಿದ್ದರು.

ವೆಂಕಟರತ್ನಮ್ಮನ ಮನೆಯಲ್ಲಿ ಹಣ್ಣು ಹುಳ ಆಯ್ದು ಚಂದ್ರಿಕೆಗೆ ಬಿಡಲು ಹುತ್ತೂರಿನಿಂದ ಇಬ್ಬರು ಹೆಂಗಸರು ಬಂದರು. ಆ ಸಲ ಗೂಡು ಚೆನ್ನಾಗಿ ಬಂತು.