ಬೈಂಡರಮ್ಮನ ತಮ್ಮನನ್ನು ಸಾಯಿಸಲು ಹೋಗಿ

೧.

ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಶುರುವಾದರೆ ಓದುಗರು ಪುಸ್ತಕ ಕೆಳಗಿಡುವುದಿಲ್ಲ ಎಂದು ಯಾರೋ ಹೇಳಿದ್ದರು. ಹಾಗಾಗಿ ಹೀಗೆ ಬರೆದೆ: ‘ಬೈಂಡರಮ್ಮನ ತಮ್ಮ ಏಡ್ಸ್‌ನಿಂದ ತೀರಿಕೊಂಡು ಇಂದಿಗೆ ಒಂಬತ್ತು ವರ್ಷ.’

ಎರಡನೇ ವಾಕ್ಯಕ್ಕೆ ಕೈ ಹಾಕುವಷ್ಟರಲ್ಲಿ ಬೈಂಡರಮ್ಮ ಪುಸ್ತಕಕ್ಕೆ ಕಟ್ಟುವ ರಟ್ಟು ಕತ್ತರಿಸುವುದನ್ನು ನಿಲ್ಲಿಸಿ ಕನ್ನಡಕ ಹಣೆಗೇರಿಸಿದಳು.

“ಏನ್ರೀ, ನನ್ನ ತಮ್ಮನ್ನ ಯಾಕ್ರೀ ಸಾಯಿಸ್ತೀರಿ? ಎರಡು ಬೀದಿ ಆಚೆ ಹೋಟ್ಲಲ್ಲಿ ಈರುಳ್ಳಿ ಹೆಚ್ತಾ ಇದಾನೆ.”

“ಅಲ್ಲಮ್ಮಾ, ಕಥೆಗೆ ಸ್ವಲ್ಪ ತೂಕ ಬರಲಿ ಅಂತ...”

“ತೂಕ ಬೇಕಾದ್ರೆ ಇಟ್ಟಿಗೆ ಕಟ್ಕೊಳ್ಳಿ!”

(ಮೊದಲ ಡ್ರಾಫ್ಟ್ ಕಸದ ಬುಟ್ಟಿಗೆ.)

೨.

ಸರಿ, ಬದುಕಿರುವವರ ಕಥೆ. ಊರಿನ ನಾಲ್ಕು ಪ್ರಾರ್ಥನಾ ಮಂದಿರಗಳಲ್ಲಿ ದೇವರು ಬೇರೆ, ಮಂತ್ರ ಬೇರೆ, ಚಪ್ಪಲಿ ಬಿಡುವ ಜಾಗವೂ ಬೇರೆ. ಆದರೆ ಪ್ರಾರ್ಥನಾ ಪುಸ್ತಕದ ಬೆನ್ನು ಕಿತ್ತುಹೋದರೆ ನಾಲ್ವರೂ ಬರುವುದು ಬೈಂಡರಮ್ಮನ ಅಂಗಡಿಗೇ. ಬಡ ದೇಶಗಳಿಗೆ ಏಡ್ಸ್ ಔಷಧಿಗೆಂದು ಕೊಡುವ ನೆರವನ್ನು ಸರ್ಕಾರ ಅರ್ಧಕ್ಕೆ ಇಳಿಸಲು ಹೊರಟಾಗ, ಎಂದೂ ಒಟ್ಟಿಗೆ ಕೂರದ ಈ ನಾಲ್ಕು ಮಂದಿರದವರು ಸೇರಿ ಸಹಿ ಸಂಗ್ರಹಿಸಿದರು. ಅದೆಲ್ಲ ಒಂದು ಪುಸ್ತಕವಾಗಿ ಗುರುವಾರ ಹನ್ನೊಂದು ಗಂಟೆಗೆ ಸಂಸದೀಯ ಸಮಿತಿಯ ಮುಂದೆ ಹೋಗಬೇಕು.

ಅಂದು ಬೆಳಿಗ್ಗೆ ಎಂಟಕ್ಕೆ ಅಂಗಡಿಯಲ್ಲಿ ಜಗಳ ಹತ್ತಿಕೊಂಡಿತು. ಯಾರ ಹಾಳೆ ಮೊದಲು?

“ನಮ್ಮದು ಎಲ್ಲಕ್ಕಿಂತ ಹಳೇ ಮಂದಿರ” ಎಂದರು ಹಿರಿಯ ಗುರುಗಳು. ಸಮಿತಿಯ ಮುಂದೆ ಮಾತಾಡಬೇಕಾದವರೂ ಅವರೇ.

“ಜಾಸ್ತಿ ಸಹಿ ನಮ್ಮದು!” ಎಂದರು ಇನ್ನೊಬ್ಬರು.

ಬೈಂಡರಮ್ಮ ನಾಲ್ಕು ಕಟ್ಟುಗಳನ್ನೂ ಮೇಜಿನ ಮೇಲೆ ಸುರಿದು, ಇಸ್ಪೀಟಿನ ಎಲೆಗಳಂತೆ ಕಲೆಸಿ, ಸೂಜಿಗೆ ದಾರ ಪೋಣಿಸಿ ಹೊಲಿಯಲು ಕೂತುಬಿಟ್ಟಳು.

“ಅಯ್ಯೋ, ನಮ್ಮವು ಯಾವುವು ಅಂತ ಹೇಗೆ ಗೊತ್ತಾಗುತ್ತಮ್ಮ?”

“ಗೊತ್ತಾಗಬಾರದು ಅಂತಲೇ, ಗುರುಗಳೇ. ಅಂಟಿನ ಡಬ್ಬಿ ಇತ್ತ ಕೊಡಿ.”

೩.

ಈಗ ಸಮಿತಿಯ ಕೋಣೆ, ಅಂಗಡಿಯಿಂದ ಕೂಗಳತೆಯ ಸಂಸತ್ ಭವನದಲ್ಲಿ. (ಎರಡನೇ ಡ್ರಾಫ್ಟಿನಲ್ಲಿ ಅಧ್ಯಕ್ಷೆ ಪುಸ್ತಕ ತೆರೆಯುತ್ತಾರೆ, ಅದೇ ಪುಟದಲ್ಲಿ ಅವರ ಸ್ವಂತ ತಾಯಿಯ ಸಹಿ! ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೈಂಡರಮ್ಮ ನಕ್ಕ ರೀತಿ ನೋಡಿ ಅಳಿಸಿಬಿಟ್ಟೆ.)

ನಿಜವಾಗಿ ಆದದ್ದು ಇಷ್ಟು. ಹಿರಿಯ ಗುರುಗಳು ಕರುಣೆಯ ಬಗ್ಗೆ ಸೊಗಸಾಗಿ ಮಾತಾಡಿದರು. ಹನ್ನೊಂದು ಮಂದಿ ಸದಸ್ಯರು ಸೊಗಸಾಗಿ ಆಕಳಿಸಿದರು. ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು: “ಕರುಣೆ ಸರಿ. ಆದರೆ ಎಲ್ಲೋ ದೂರದ ದೇಶದ ರೋಗಿಗೆ ನಾವ್ಯಾಕೆ ಔಷಧಿ ಕಳಿಸ್ಬೇಕು? ನಿಮ್ಮಲ್ಲಿ ಯಾರಾದ್ರೂ ಹೇಳ್ತೀರಾ?”

ಗುರುಗಳ ಹಿಂದೆ ಪುಸ್ತಕ ಹಿಡಿದು ನಿಂತಿದ್ದ ಬೈಂಡರಮ್ಮನ ಹತ್ತಿರ ಉತ್ತರವಿತ್ತು. ಒಂಬತ್ತು ವರ್ಷದಿಂದ ಅವಳಿಗೂ ತಮ್ಮನಿಗೂ (ಈಗ ಕಥೆ ಬರೆಯುವ ನನಗೂ) ಬಿಟ್ಟು ಬೇರೆಯವರಿಗೆ ಗೊತ್ತಿಲ್ಲದ ಉತ್ತರ.

ಹೇಳಿಬಿಡು! ಎಂದೆ ನಾನು. ಇಡೀ ಕಥೆ ಇದೇ ವಾಕ್ಯಕ್ಕೆ ಕಾಯುತ್ತಿದೆ.

“ಅದು ನನ್ನ ಮಾತಲ್ಲ, ಅವನದು” ಎಂದು ನನ್ನ ಬಾಯಿ ಮುಚ್ಚಿಸಿ, ಅಧ್ಯಕ್ಷೆಯ ಕಡೆ ತಿರುಗಿದಳು. “ಮೇಡಂ, ಹತ್ತು ನಿಮಿಷ ಟೈಮ್ ಕೊಡ್ತೀರಾ?”

ಕಾರಿಡಾರಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು. ಆ ಕಡೆ ಬಾಣಲೆಯ ಸದ್ದು.

“ಸಮಿತಿ ಮುಂದೆ ನಿನ್ನ ವಿಷ್ಯ ಹೇಳ್ಲಾ? ಬೇಡ ಅಂದ್ರೆ ಬೇಡ ಕಣೋ. ನಿನ್ನಾಣೆ, ಬಾಯಿ ಬಿಡಲ್ಲ.”

ಅವನು ಒಲೆ ಆರಿಸಿದ. (ನಾನೂ ಪೆನ್ನು ಕೆಳಗಿಟ್ಟೆ. ಅವನ ಬಾಯಿಗೆ ಇಡಲು ನನ್ನಲ್ಲಿ ಮಾತೇ ಇರಲಿಲ್ಲ.)

“ನೀನು ಹೇಳ್ಬೇಡ ಅಕ್ಕ” ಎಂದ. “ನಾನೇ ಬರ್ತೀನಿ.”

೪.

ಬಂದ! ಏಪ್ರನ್ ಕಟ್ಟಿಕೊಂಡೇ, ಏದುಸಿರು ಬಿಡುತ್ತಾ. ಗೇಟಿನ ಕಾವಲುಗಾರ ತಡೆದ. ಕಿಟಕಿಯಿಂದ ಬೈಂಡರಮ್ಮನ ತಮ್ಮನನ್ನು ಗುರುತಿಸಿದ ಹಿರಿಯ ಗುರುಗಳು ತಮ್ಮ ವಯಸ್ಸು ಮರೆತು ಮೆಟ್ಟಿಲಿಳಿದು, “ನಮ್ಮ ಕಡೆಯವರಪ್ಪ, ಬಿಡು” ಎಂದು ಅವನ ಕೈ ಹಿಡಿದು ಒಳಗೆ ಕರೆತಂದರು. ಅವನು ಯಾಕೆ ಬಂದಿದ್ದಾನೆಂದು ಅವರಿಗಿನ್ನೂ ಗೊತ್ತಿರಲಿಲ್ಲ.

“ನನಗೆ ಎಚ್‌ಐವಿ ಇದೆ” ಎಂದು ಶುರು ಮಾಡಿದ ಅವನು. (ನೋಡಿ, ಹೇಗೆ ಶುರು ಮಾಡುವುದೆಂದು ಅವನು ಯಾರನ್ನೂ ಕೇಳಲಿಲ್ಲ.) “ಹಡಗಲ್ಲಿ ಅಡುಗೆ ಮಾಡ್ತಿದ್ದೆ. ಕಾಯಿಲೆ ಬಿದ್ದಾಗ ಒಂದು ಬಂದರಲ್ಲಿ ಇಳಿಸಿ ಹೊರಟುಹೋದ್ರು. ಆ ಊರಿನ ಭಾಷೆ ಬರಲ್ಲ, ನಿಲ್ಲೋಕೆ ಶಕ್ತಿ ಇಲ್ಲ. ಅಲ್ಲೊಂದು ಸಣ್ಣ ಕ್ಲಿನಿಕ್ಕು. ಬೇರೆ ದೇಶದವರು ಕಳಿಸಿದ ಔಷಧಿ. ನರ್ಸಮ್ಮ ಮಾತ್ರೆ ಕೈಗಿಟ್ಟು, ನುಂಗೋ ತನಕ ಎದುರಿಗೇ ನಿಂತಿರ್ತಿದ್ರು. ಯಾವ ದೇಶದವನು ಅಂತ ಅವರೂ ಕೇಳಿದ್ರು, ಫಾರ್ಮ್ ತುಂಬಬೇಕಲ್ಲ. ಆದ್ರೆ ಕೇಳಿದ್ದು ಮಾತ್ರೆ ಕೊಟ್ಟ ಮೇಲೆ.”

ಯಾರೂ ಆಕಳಿಸಲಿಲ್ಲ.

“ನನ್ನ ಪಕ್ಕದ ಬೆಂಚಲ್ಲಿ ಒಬ್ಬ ಬಸುರಿ ಹೆಂಗಸು ಕೂತಿದ್ಲು, ಮೇಡಂ. ಔಷಧಿ ನಿಂತ್ರೆ, ಇನ್ಮೇಲೆ ಬರ್ಬೇಡ ಅಂತ ಅಂಥೋರಿಗೆ ಹೇಳೋರು ಯಾರು? ನನ್ನ ಕೈಲಂತೂ ಆಗಲ್ಲ.”

ಮತಕ್ಕೆ ಹಾಕಿದರು. ನೆರವು ಕಡಿತ ಬೇಡ ಎಂದು ಆರು ಕೈ, ಬೇಕು ಎಂದು ಐದು. ಗೆದ್ದೆವು! ಬೈಂಡರಮ್ಮ ತಮ್ಮನ ಬೆನ್ನಿಗೆ ಗುದ್ದಿದ ಸದ್ದು ಕಾರಿಡಾರಿನ ತನಕ ಕೇಳಿಸಿತು.

೫.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮೆಟ್ಟಿಲ ಮೇಲೆ ಹಿರಿಯ ಗುರುಗಳು ಬೈಂಡರಮ್ಮನ ತಮ್ಮನನ್ನು ನಿಲ್ಲಿಸಿದರು.

“ತಮ್ಮಾ, ನಮ್ಮ ಮಂದಿರಕ್ಕೂ ಬಂದು ಮಾತಾಡ್ತೀಯಾ?”

“ಒಂದ್ಸಲ ಬಂದಿದ್ದೆ, ಗುರುಗಳೇ. ಈ ರೋಗ ಪಾಪಕ್ಕೆ ಸಿಗೋ ಸಂಬಳ ಅಂತ ನೀವು ಪ್ರವಚನ ಹೇಳಿದ ದಿನ. ಹಿಂದಿನ ಸಾಲಲ್ಲಿ ಕೂತಿದ್ದೆ.”

ಗುರುಗಳು ಕೈಗಂಬಿ ಹಿಡಿದುಕೊಂಡರು. (ಅವರು ಅತ್ತರು ಎಂದು ಬರೆಯಲೇ? ಅವನು ಕ್ಷಮಿಸಿದ ಎಂದು? ಎರಡನ್ನೂ ಬರೆದು ನೋಡಿದೆ, ಎರಡೂ ಸುಳ್ಳಾಗಿ ಕಂಡವು.) ಅವರು ಹೇಳಿದ್ದಿಷ್ಟೇ: “ಹಾಗಾದ್ರೆ ಮೊದಲು ನಾನು ಮಾತಾಡ್ಬೇಕು. ಅದೇ ಜಾಗದಲ್ಲಿ ನಿಂತು.”

“ಮಾತಾಡಿ. ಕೇಳೋಕೆ ಬರ್ತೀನೋ ಇಲ್ವೋ, ನೋಡ್ತೀನಿ” ಎಂದು ಅವನು ಹೋಟೆಲಿನ ಕಡೆ ಓಡಿದ.

ಇನ್ನು ಉಳಿದದ್ದು ಸೋಮವಾರ. ಅಂದು ಇಡೀ ಸಂಸತ್ತಿನ ಮತ. ಗೆಲ್ಲುವ ಅಂತ್ಯ ಒಂದನ್ನು ಬರೆದಿಟ್ಟಿದ್ದೇನೆ, ಸೋಲುವ ಅಂತ್ಯವನ್ನೂ. ಯಾವುದು ಇಡಲಿ ಎಂದು ಬೈಂಡರಮ್ಮನನ್ನು ಕೇಳಿದೆ. ಅವಳಾಗಲೇ ಬೀದಿ ದಾಟುತ್ತಿದ್ದಳು, ಕಂಕುಳಲ್ಲಿ ಖಾಲಿ ಹಾಳೆಗಳ ಹೊಸ ಕಟ್ಟು.

“ನಮಗಿನ್ನೂ ನಾಲ್ಕು ದಿನ ಇದೆ ಕಣ್ರೀ, ಸಹಿ ಹಾಕಿಸ್ಬೇಕು” ಎಂದಳು, ಹಿಂದಕ್ಕೆ ತಿರುಗದೆ. “ನೀವು ಮುಗಿಸೋದಾದ್ರೆ ಮುಗಿಸ್ಕೊಳ್ಳಿ.”